ಚನ್ನಬಸವಣ್ಣನ ತಂದೆ ಯಾರೆಂದು ಕೇಳಿದವರು

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬುಡದಲ್ಲಿ ಒಂದು ಬಂಡೆಯಿದೆ. ಅದರ ಮೇಲಿನ ಬರಹವನ್ನು ಓದಬಲ್ಲವರು ಯಾರೂ ಇಲ್ಲದ ಕಾಲದಲ್ಲೂ ಊರವರು ಅದನ್ನು ಅಕ್ಷರಗುಂಡು ಎಂದೇ ಕರೆಯುತ್ತಿದ್ದರು. 1892ರಲ್ಲಿ ಬಿ.ಎಲ್. ರೈಸ್ ಆ ಬರಹ ಅಶೋಕನದೆಂದು ಗುರುತಿಸಿದರು. ಹತ್ತಿರದ ಸಿದ್ದಾಪುರದಲ್ಲೂ ಜಟಿಂಗ ರಾಮೇಶ್ವರ ಬೆಟ್ಟದಲ್ಲೂ ಅದೇ ಶಾಸನದ ಇನ್ನೆರಡು ಪ್ರತಿಗಳು ಸಿಕ್ಕವು. ಸುವರ್ಣಗಿರಿಯಲ್ಲಿದ್ದ ರಾಜಕುಮಾರನ ಕಡೆಯಿಂದ ಇಸಿಲ ಪಟ್ಟಣದ ಮಹಾಮಾತ್ರರಿಗೆ ಬಂದ ಆಜ್ಞೆ ಅದು. ತಂದೆತಾಯಿಗಳ ಮಾತು ಕೇಳಬೇಕು, ಜೀವಿಗಳಲ್ಲಿ ದಯೆ ಇರಬೇಕು, ಗುರುಗಳನ್ನು ಗೌರವಿಸಬೇಕು ಎಂಬ ಉಪದೇಶದ ನಡುವೆ ಸತ್ಯವನ್ನೇ ನುಡಿಯಬೇಕು ಎಂಬ ಮಾತೂ ಅಲ್ಲಿದೆ.

ಅದೇ ಅರಸನ ಇನ್ನೊಂದು ಮಾತು ಕರ್ನಾಟಕದ ಬೇರೊಂದು ಮೂಲೆಯಲ್ಲಿ ಹೂತುಹೋಗಿತ್ತು. ಕಲಬುರಗಿ ಜಿಲ್ಲೆಯಲ್ಲಿ ಭೀಮಾ ನದಿಯ ದಡದ ಸನ್ನತಿಯಲ್ಲಿ, ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿ ಗುಡಿಯ ಚಾವಣಿ 1986ರಲ್ಲಿ ಕುಸಿದಾಗ, ಮೂರ್ತಿಯ ಪೀಠಕ್ಕೆ ಬಳಸಿದ್ದ ಕಲ್ಲಿನ ಮೇಲೆ ಅಶೋಕನ ಶಾಸನಗಳು ಕಂಡವು. ಅವುಗಳಲ್ಲಿ ಒಂದು ಹನ್ನೆರಡನೆಯ ಬಂಡೆ ಶಾಸನ. ಎಲ್ಲ ಪಂಥಗಳ ತಿರುಳು ಬೆಳೆಯಬೇಕು, ಅದರ ಬೇರು ನಾಲಿಗೆಯ ಮೇಲಿನ ಹಿಡಿತ ಎನ್ನುತ್ತದೆ ಆ ಶಾಸನ. ಸಂದರ್ಭವಿಲ್ಲದೆ ತನ್ನ ಪಂಥವನ್ನು ಹೊಗಳಬಾರದು, ಪರರದನ್ನು ತೆಗಳಬಾರದು. ಸಂದರ್ಭ ಬಂದರೂ ಮಾತು ಹಗುರವಾಗಿರಲಿ ಎಂಬುದು ಅದರ ಸಾರ. ಟೀಕೆಯನ್ನೇ ನಿಷೇಧಿಸುವ ಮಾತು ಅದರಲ್ಲಿಲ್ಲ. ತಪ್ಪಿ ನಡೆದವನಿಗೆ ಇಂಥ ಶಿಕ್ಷೆ ಎಂದೂ ಹೇಳಿಲ್ಲ. ಆಡುವವನ ವಿವೇಕಕ್ಕೆ ಬಿಟ್ಟ ಸಂಗತಿ ಅದು.

ಸತ್ಯ ನುಡಿ, ನಾಲಿಗೆ ಕಾಯ್ದುಕೋ. ಈ ಎರಡು ಆಜ್ಞೆಗಳು ಒಂದಕ್ಕೊಂದು ಎದುರಾದಾಗ ಏನಾಗುತ್ತದೆ ಎಂಬುದಕ್ಕೆ ಕನ್ನಡನಾಡಿನ ಇತ್ತೀಚಿನ ಚರಿತ್ರೆಯಲ್ಲಿ ಒಂದು ದೀರ್ಘ ಪ್ರಕರಣವಿದೆ. ಅದರ ನಡುವೆ ನಿಂತಿರುವುದು ಒಂದೇ ಪ್ರಶ್ನೆ: ಚನ್ನಬಸವಣ್ಣನ ತಂದೆ ಯಾರು?

ಪ್ರಶ್ನೆ ಹಳೆಯದು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನ ಅಕ್ಕ ನಾಗಲಾಂಬಿಕೆಯ ಮಗ ಚನ್ನಬಸವಣ್ಣ. ವಯಸ್ಸಿನಲ್ಲಿ ಕಿರಿಯನಾದರೂ ಜ್ಞಾನದಲ್ಲಿ ಹಿರಿಯನೆಂದು ಶರಣರು ಒಪ್ಪಿದ ವ್ಯಕ್ತಿ. ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಸಮಗಾರ ಮೂಲದ ಹರಳಯ್ಯನ ಮಗನಿಗೂ ಮದುವೆಯಾಯಿತು; ಬಿಜ್ಜಳನ ರಾಜ್ಯದಲ್ಲಿ ಅದಕ್ಕೆ ಕೊಟ್ಟ ದಂಡನೆ ಸಾವು. ಮುಂದೆ ಬಿಜ್ಜಳನ ಕೊಲೆಯಾಗಿ ಶರಣರು ದಿಕ್ಕುಪಾಲಾದಾಗ ಒಂದು ಗುಂಪನ್ನು ಉಳವಿಯ ಕಾಡಿನವರೆಗೆ ನಡೆಸಿದವನು, ವಚನಗಳ ಕಟ್ಟುಗಳನ್ನು ಉಳಿಸಿದವನು ಎಂದು ಪರಂಪರೆ ಚನ್ನಬಸವಣ್ಣನನ್ನು ನೆನೆಯುತ್ತದೆ. ಇಂದಿಗೂ ಉಳವಿಯ ಜಾತ್ರೆಗೆ ಉತ್ತರ ಕರ್ನಾಟಕದ ರೈತರು ಎತ್ತಿನ ಚಕ್ಕಡಿ ಹೂಡಿಕೊಂಡು ಹೋಗುತ್ತಾರೆ. ಆ ಭಕ್ತಿಯ ಆಳವನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ ಮುಂದಿನ ಕಥೆ ಅರ್ಥವಾಗುವುದಿಲ್ಲ.

ಆತನ ಹುಟ್ಟಿನ ಬಗ್ಗೆ ಪುರಾಣಗಳಲ್ಲಿ ಒಂದೇ ಮಾತಿಲ್ಲ. ಶಿವದೇವನೆಂಬ ಶರಣ ಆತನ ತಂದೆ, ನಾಗಲಾಂಬಿಕೆಯ ಗಂಡ ಎನ್ನುತ್ತದೆ ಒಂದು ಪರಂಪರೆ. ಪ್ರಸಾದ ಸೇವಿಸಿದ್ದರಿಂದ ಆಕೆ ಗರ್ಭವತಿಯಾದಳು, ಶಿವಾಂಶವೇ ಮಗುವಾಗಿ ಬಂತು ಎನ್ನುತ್ತದೆ ಇನ್ನೊಂದು. ಆ ಪ್ರಸಾದದ ಕಥೆಗಳೊಂದಿಗೆ ಡೋಹರ ಕಕ್ಕಯ್ಯನ ಹೆಸರು ಸೇರಿಕೊಂಡಿದೆ. ಕಕ್ಕಯ್ಯ ಚರ್ಮ ಹದ ಮಾಡುವ ಕುಲದಿಂದ ಬಂದ ಶರಣ. ಬಸವಣ್ಣ ತನ್ನ ವಚನಗಳಲ್ಲಿ ಕಕ್ಕಯ್ಯನನ್ನು, ಮಾದಾರ ಚೆನ್ನಯ್ಯನನ್ನು ತನ್ನ ಬಂಧುಗಳೆಂದು ಮತ್ತೆ ಮತ್ತೆ ಹೇಳಿಕೊಂಡಿದ್ದಾನೆ.

ಶರಣರ ಕಥೆಗಳನ್ನು ಒಟ್ಟುಗೂಡಿಸುವ ಕೆಲಸಕ್ಕೆ ನಮ್ಮ ಚಳ್ಳಕೆರೆ ಸೀಮೆಯೂ ಕೈ ಜೋಡಿಸಿತ್ತು. ತಳುಕಿನ ತ.ಸು. ಶಾಮರಾಯರ ಶಿವಶರಣ ಕಥಾರತ್ನಕೋಶವನ್ನು ವಚನ ಸಾಹಿತ್ಯ ಓದುವವರು ಇವತ್ತಿಗೂ ಕೈಗೆತ್ತಿಕೊಳ್ಳುತ್ತಾರೆ. ಅದಕ್ಕೂ ಮೊದಲು, 1923ರಲ್ಲಿ, ಫ.ಗು. ಹಳಕಟ್ಟಿಯವರು ವಚನಶಾಸ್ತ್ರಸಾರವನ್ನು ಅಚ್ಚು ಹಾಕಿಸಿದ್ದರು. ಮಠದ ಗೂಡುಗಳಲ್ಲಿ, ಮನೆಯ ಜಗುಲಿಗಳಲ್ಲಿ ಪೂಜೆಗೊಳ್ಳುತ್ತಿದ್ದ ಓಲೆಗರಿಗಳು ಹಾಗೆ ವಿಶ್ವವಿದ್ಯಾಲಯದ ಮೇಜಿಗೆ ಬಂದವು. ಪೂಜೆಯ ವಸ್ತು ಸಂಶೋಧನೆಯ ಆಕರವೂ ಆಯಿತು. ಮುಂದಿನ ಜಗಳಗಳೆಲ್ಲ ಹುಟ್ಟಿದ್ದು ಈ ತಿರುವಿನಲ್ಲಿ ಎಂದು ನನಗೆ ಅನಿಸುತ್ತದೆ.

ಧಾರವಾಡದ ಎಂ.ಎಂ. ಕಲಬುರ್ಗಿ ಆ ತಿರುವಿನ ದೊಡ್ಡ ಹೆಸರು. ಸಿಂದಗಿ ಕಡೆಯ ಯರಗಲ್ಲಿನಲ್ಲಿ 1938ರಲ್ಲಿ ಹುಟ್ಟಿ, ಶಾಸನ, ಹಸ್ತಪ್ರತಿ, ವಚನ ಮೂರರಲ್ಲೂ ಪರಿಣತರಾದವರು. ಲಿಂಗಾಯತ ಮನೆತನದಲ್ಲೇ ಬೆಳೆದ ಅವರಿಗೆ ವಚನಗಳು ಮನೆಯ ಮಾತು. 1980ರ ದಶಕದ ಕೊನೆಗೆ ‘ಮಾರ್ಗ’ ಎಂಬ ಸಂಶೋಧನ ಲೇಖನಗಳ ಸಂಪುಟ ತಂದರು. ಅದರ ಎರಡು ಲೇಖನಗಳು ಬಿರುಗಾಳಿ ಎಬ್ಬಿಸಿದವು. ಒಂದು, ಬಸವಣ್ಣನ ಪತ್ನಿ ನೀಲಾಂಬಿಕೆಯ ವಚನಗಳನ್ನೇ ಆಧಾರ ಮಾಡಿಕೊಂಡು ಆ ದಾಂಪತ್ಯದಲ್ಲಿ ದೇಹಸಂಬಂಧ ಇರಲಿಲ್ಲವೆಂದು ಊಹಿಸಿತ್ತು. ಇನ್ನೊಂದು ಚನ್ನಬಸವಣ್ಣನ ಜನನವನ್ನು ಕುರಿತದ್ದು. ಪ್ರಸಾದದ ಕಥೆಯ ಹಿಂದೆ ಮುಚ್ಚಿಟ್ಟ ಚರಿತ್ರೆ ಇದೆ, ನಾಗಲಾಂಬಿಕೆಗೂ ಡೋಹರ ಕಕ್ಕಯ್ಯನಿಗೂ ಹುಟ್ಟಿದ ಮಗ ಚನ್ನಬಸವಣ್ಣ ಎಂಬ ತೀರ್ಮಾನದ ಕಡೆಗೆ ಅದು ಸಾಗಿತ್ತು.

ಈ ತೀರ್ಮಾನಕ್ಕೆ ವಿದ್ವಾಂಸರಲ್ಲೂ ಒಪ್ಪಿಗೆ ಇರಲಿಲ್ಲ. ಪುರಾಣದ ಪವಾಡವನ್ನು ಮಾನವ ಸಂಬಂಧವಾಗಿ ಬಿಡಿಸಿ ಓದುವ ವಿಧಾನವೇ ಅಪಾಯಕಾರಿ, ಪುರಾಣಗಳು ಶರಣರ ಕಾಲದ ಬಹಳ ನಂತರ ಹುಟ್ಟಿದವು, ಅವುಗಳಿಂದ ಹನ್ನೆರಡನೆಯ ಶತಮಾನದ ಮನೆಯೊಳಗಿನ ಸಂಗತಿ ತೆಗೆಯಲಾಗದು ಎಂಬುದು ಗಟ್ಟಿಯಾದ ಆಕ್ಷೇಪ. ಬಸವಣ್ಣನ ಮನೆತನವನ್ನು ಹೆಸರಿಸುವ ಹಳೆಯ ಶಾಸನವೆಂದರೆ 1260ರ ಅರ್ಜುನವಾಡ ಶಾಸನ. ಬಸವಣ್ಣನ ಕಾಲಕ್ಕೂ ಅದಕ್ಕೂ ನಡುವೆ ಸುಮಾರು ಒಂದು ಶತಮಾನದ ಅಂತರವಿದೆ. ಆಕರಗಳು ಇಷ್ಟು ತೆಳುವಾಗಿರುವಾಗ ವಾದ ಎರಡೂ ಕಡೆಗೆ ವಾಲಬಹುದಿತ್ತು. ಒಂದು ವಿಚಾರಸಂಕಿರಣ, ನಾಲ್ಕು ಖಂಡನ ಲೇಖನ, ಒಂದು ಮರುಪ್ರಶ್ನೆ, ಹೀಗೆ ಅದು ನಡೆಯಬೇಕಾಗಿತ್ತು.

ನಡೆದದ್ದು ಬೇರೆ. 1989ರಲ್ಲಿ ಕಲಬುರ್ಗಿಯವರಿಗೆ ಬೆದರಿಕೆಗಳು ಬಂದವು, ಮನೆಗೆ ಪೊಲೀಸ್ ಕಾವಲು ಬಂತು. ಸಮುದಾಯದ ಮುಖಂಡರು, ಮಠಾಧೀಶರು ವಿವರಣೆ ಕೇಳಿದರು. ಕಡೆಗೆ ಅವರು ಬರೆದದ್ದನ್ನು ಹಿಂದಕ್ಕೆ ಪಡೆದರು. ಮನೆಯವರ ಜೀವ ಉಳಿಸಲು ಹಾಗೆ ಮಾಡಿದೆ, ಆ ದಿನ ತಾನು ಬೌದ್ಧಿಕವಾಗಿ ಆತ್ಮಹತ್ಯೆ ಮಾಡಿಕೊಂಡೆ ಎಂಬರ್ಥದ ಮಾತನ್ನು ಅವರು ನಂತರ ನೋವಿನಿಂದ ಆಡಿದರು. ಒಬ್ಬ ಪ್ರಾಧ್ಯಾಪಕನ ಲೇಖನವನ್ನು ಇನ್ನೊಬ್ಬ ಪ್ರಾಧ್ಯಾಪಕನ ಲೇಖನ ಸೋಲಿಸಿದ್ದರೆ ಅದು ವಿದ್ಯೆಯ ಗೆಲುವಾಗುತ್ತಿತ್ತು. ಇಲ್ಲಿ ಯಾರೂ ಗೆಲ್ಲಲಿಲ್ಲ. ಪ್ರಶ್ನೆಗೆ ಉತ್ತರ ಸಿಗುವ ಮೊದಲೇ ಬಾಗಿಲು ಮುಚ್ಚಿತು.

ಆ ಹೊತ್ತಿಗೆ ನಾಡಿಗೆ ಇನ್ನೊಂದು ಕಹಿ ಅನುಭವ ಆಗಿತ್ತು. 1986ರ ಡಿಸೆಂಬರಿನಲ್ಲಿ ಬೆಂಗಳೂರಿನ ಡೆಕ್ಕನ್ ಹೆರಾಲ್ಡ್ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಮಲಯಾಳದಿಂದ ಬಂದ ಒಂದು ಕಥೆ ಅಚ್ಚಾಯಿತು. ಕಥೆಯ ಬುದ್ಧಿಮಾಂದ್ಯ ಪಾತ್ರಕ್ಕೆ ಪ್ರವಾದಿಯವರ ಹೆಸರಿತ್ತು. ಪ್ರವಾದಿಗೂ ಆ ಕಥೆಗೂ ಸಂಬಂಧವಿರಲಿಲ್ಲ. ಶೀರ್ಷಿಕೆ ಕಂಡವರಿಗೆ ಅದು ಅವಮಾನವಾಗಿ ತೋರಿತು. ಪತ್ರಿಕೆ ಕ್ಷಮೆ ಕೇಳಿತು. ಅಷ್ಟರಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ಗಲಭೆ ಹಬ್ಬಿ, ಗೋಲಿಬಾರ್ ನಡೆದು, ಹಲವು ಜೀವಗಳು ಹೋಗಿದ್ದವು. ಮುಂದೆ ಯಾವ ಸರ್ಕಾರ ಬಂದರೂ ಧರ್ಮದ ವಿಷಯದ ಪುಸ್ತಕವನ್ನು ಕಾನೂನು ಸುವ್ಯವಸ್ಥೆಯ ಕಡತದೊಳಗಿಟ್ಟು ನೋಡುವ ಅಭ್ಯಾಸ ಬಲವಾಗಲು ಇಂಥ ನೆನಪುಗಳೇ ಕಾರಣ. ಆ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಸತ್ತವರು ಬೀದಿಯ ಬಡವರು, ಕಥೆಯನ್ನು ಓದಿದವರೂ ಅಲ್ಲ.

1990ರ ದಶಕದ ನಡುವೆ ಎಚ್.ಎಸ್. ಶಿವಪ್ರಕಾಶರ ‘ಮಹಾಚೈತ್ರ’ ನಾಟಕಕ್ಕೆ ಕುತ್ತು ಬಂತು. 1980ರ ದಶಕದಲ್ಲೇ ರಂಗದ ಮೇಲೆ ಬಂದು ಮೆಚ್ಚುಗೆ ಪಡೆದ ನಾಟಕ ಅದು. ಪಠ್ಯವಾದ ಮೇಲೆ ಬಸವಣ್ಣನಿಗೆ ಅಪಮಾನವಾಗಿದೆ ಎಂಬ ಕೂಗು ಎದ್ದಿತು. ಅದೇ ಬಿಸಿಯಲ್ಲಿ, 1995ರಲ್ಲಿ, ಪಿ.ವಿ. ನಾರಾಯಣರ ಕಾದಂಬರಿ ‘ಧರ್ಮಕಾರಣ’ ಪ್ರಕಟವಾಯಿತು.

ನಾರಾಯಣರು ಕನ್ನಡ ಪ್ರಾಧ್ಯಾಪಕರು, ವಚನ ಸಾಹಿತ್ಯವನ್ನು ಆಳವಾಗಿ ಓದಿದವರು. ಕಾದಂಬರಿಯ ಒಟ್ಟು ಧೋರಣೆ ಬಸವಣ್ಣನ ಬಗ್ಗೆ ಗೌರವದ್ದೇ. ಅದಕ್ಕೆ ಸಾಹಿತ್ಯದ ಪುರಸ್ಕಾರವೂ ಸಂದಿತು. ತಕರಾರು ಬಂದದ್ದು ಹನ್ನೆರಡನೆಯ ಅಧ್ಯಾಯಕ್ಕೆ. ಅಕ್ಕನಾಗಮ್ಮನೆಂದೂ ಕರೆಯುವ ನಾಗಲಾಂಬಿಕೆಯ ಖಾಸಗಿ ಬದುಕು, ಚನ್ನಬಸವಣ್ಣನ ಹುಟ್ಟು ಅಲ್ಲಿನ ವಸ್ತು. ಕಲಬುರ್ಗಿ ಲೇಖನದಲ್ಲಿ ಒಂದು ವಾದವಾಗಿ ಇಟ್ಟದ್ದು ಇಲ್ಲಿ ಪಾತ್ರ, ಸನ್ನಿವೇಶ, ಮಾತುಗಳಾಗಿ ಮೈಪಡೆದಿತ್ತು. ಲೇಖನ ಓದುವವರು ಕೆಲವರು. ಕಾದಂಬರಿಯಲ್ಲಿ ತಾಯಿಯೆಂದು ಪೂಜಿಸುವ ಹೆಣ್ಣೊಬ್ಬಳ ಒಳಮನೆಗೆ ಓದುಗನನ್ನು ಕರೆದೊಯ್ದಾಗ ಭಕ್ತನಿಗೆ ಆಗುವ ಆಘಾತ ಬೇರೆ ಬಗೆಯದು. ಅದು ತೋರಿಕೆಯ ಸಿಟ್ಟು ಎಂದು ತಳ್ಳಿಹಾಕುವವರು ಆ ಮನೆಗಳಲ್ಲಿ ಒಂದು ದಿನವೂ ಕುಳಿತವರಲ್ಲ. ವಿರೋಧಿಸಿದವರಿಗೆ ಪ್ರತಿಭಟಿಸುವ, ಬರೆಯುವ, ಪುಸ್ತಕವನ್ನು ಕೊಳ್ಳಬೇಡಿ ಎಂದು ಸಾರುವ ಪೂರ್ತಿ ಹಕ್ಕಿತ್ತು. ಅವರು ಅಷ್ಟಕ್ಕೆ ನಿಲ್ಲದೆ ಪುಸ್ತಕವೇ ಇರಬಾರದು ಎಂದು ಪಟ್ಟು ಹಿಡಿದರು.

ಆಗ ಜೆ.ಎಚ್. ಪಟೇಲರು ಮುಖ್ಯಮಂತ್ರಿ, ಲೋಹಿಯಾ ಗರಡಿಯಲ್ಲಿ ಪಳಗಿದ ಸಮಾಜವಾದಿ. ಅವರ ಸರ್ಕಾರವೇ 1997ರ ಏಪ್ರಿಲ್ 28ರಂದು ಅಧಿಸೂಚನೆ ಹೊರಡಿಸಿ ‘ಧರ್ಮಕಾರಣ’ವನ್ನು ಮುಟ್ಟುಗೋಲು ಹಾಕಿಕೊಂಡಿತು.

ಆ ಅಧಿಸೂಚನೆಯ ಹಿಂದಿದ್ದ ಕಾನೂನಿಗೂ ಒಂದು ರಕ್ತದ ಚರಿತ್ರೆ ಇದೆ. 1920ರ ದಶಕದಲ್ಲಿ ಲಾಹೋರಿನಲ್ಲಿ ಪ್ರವಾದಿಯವರ ದಾಂಪತ್ಯವನ್ನು ಗೇಲಿ ಮಾಡಿದ ‘ರಂಗೀಲಾ ರಸೂಲ್’ ಎಂಬ ಕಿರುಹೊತ್ತಗೆ ಅಚ್ಚಾಯಿತು. ಆಗಿನ ಕಾನೂನಿನಲ್ಲಿ ಅದು ಅಪರಾಧವಾಗದು ಎಂದು 1927ರಲ್ಲಿ ಹೈಕೋರ್ಟ್ ಪ್ರಕಾಶಕ ರಾಜಪಾಲರನ್ನು ಬಿಡುಗಡೆ ಮಾಡಿತು. ಎದ್ದ ಆಕ್ರೋಶವನ್ನು ತಣಿಸಲು ಬ್ರಿಟಿಷ್ ಸರ್ಕಾರ ಅದೇ ವರ್ಷ ದಂಡಸಂಹಿತೆಗೆ 295ಎ ಕಲಮು ಸೇರಿಸಿತು: ಉದ್ದೇಶಪೂರ್ವಕವಾಗಿ, ದುರುದ್ದೇಶದಿಂದ ಒಂದು ವರ್ಗದ ಧಾರ್ಮಿಕ ಭಾವನೆಗೆ ಅವಮಾನ ಮಾಡುವುದು ಅಪರಾಧ. ಕಾನೂನು ಬಂದರೂ ರಾಜಪಾಲರ ಪ್ರಾಣ ಉಳಿಯಲಿಲ್ಲ. 1929ರಲ್ಲಿ ಅವರ ಕೊಲೆಯಾಯಿತು. ಸ್ವಾತಂತ್ರ್ಯದ ನಂತರವೂ ಕಲಮು ಉಳಿಯಿತು. 1957ರಲ್ಲಿ ರಾಮ್‌ಜಿ ಲಾಲ್ ಮೋದಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸಂವಿಧಾನಬದ್ಧವೆಂದು ಎತ್ತಿಹಿಡಿಯಿತು. ದಂಡಪ್ರಕ್ರಿಯಾ ಸಂಹಿತೆಯ 95ನೇ ಕಲಮು ಇನ್ನೂ ಒಂದು ಹೆಜ್ಜೆ ಮುಂದಿನದು. ಲೇಖಕನ ಅಪರಾಧ ವಿಚಾರಣೆಯಲ್ಲಿ ಸಾಬೀತಾಗುವವರೆಗೆ ಕಾಯದೆ, ಅಂಥ ಅಂಶ ಇದೆಯೆಂದು ಸರ್ಕಾರಕ್ಕೆ ಕಂಡರೆ ಪುಸ್ತಕದ ಪ್ರತಿಯೊಂದು ಪ್ರತಿಯನ್ನೂ ವಶಪಡಿಸಿಕೊಳ್ಳಬಹುದು. ತನ್ನ ಅಭಿಪ್ರಾಯಕ್ಕೆ ಆಧಾರವೇನೆಂದು ಸರ್ಕಾರ ಬರೆದು ತಿಳಿಸಬೇಕು, ಅಷ್ಟೆ.

ಆ ‘ಅಷ್ಟೆ’ ಎಂಬುದಕ್ಕೂ ಬೆಲೆ ಇದೆ. ಪೆರಿಯಾರರ ರಾಮಾಯಣ ವಿಮರ್ಶೆಯ ಹಿಂದಿ ಅನುವಾದವನ್ನು ಉತ್ತರ ಪ್ರದೇಶ ಸರ್ಕಾರ ಮುಟ್ಟುಗೋಲು ಹಾಕಿದ್ದಾಗ, ಆಧಾರವನ್ನೇ ಹೇಳಿಲ್ಲವೆಂಬ ಕಾರಣಕ್ಕೆ ಆ ಆದೇಶ ಬಿತ್ತು. 1976ರಲ್ಲಿ ಸುಪ್ರೀಂ ಕೋರ್ಟ್ ಅದರ ಪ್ರಕಾಶಕ ಲಲಾಯಿ ಸಿಂಗ್ ಯಾದವರ ಪರವಾಗಿ ನಿಂತಿತು.

‘ಧರ್ಮಕಾರಣ’ದ ಪರವಾಗಿ ನ್ಯಾಯಾಲಯಕ್ಕೆ ಹೋದವರ ಮುಂಚೂಣಿಯಲ್ಲಿ ಬರಗೂರು ರಾಮಚಂದ್ರಪ್ಪ ಇದ್ದರು. ಚಿತ್ರದುರ್ಗ ಜಿಲ್ಲೆಯ ಗಡಿ ದಾಟಿದರೆ ಸಿಗುವ ಶಿರಾ ತಾಲ್ಲೂಕಿನ ಬರಗೂರಿನವರು, ಬಂಡಾಯ ಸಾಹಿತ್ಯ ಸಂಘಟನೆಯನ್ನು ಕಟ್ಟಿದವರಲ್ಲಿ ಒಬ್ಬರು. ಹೈಕೋರ್ಟಿನಲ್ಲಿ ಸೋತು, 1998ರಲ್ಲಿ ಮೇಲ್ಮನವಿ ಸುಪ್ರೀಂ ಕೋರ್ಟಿಗೆ ಹೋಯಿತು. ಮಳೆ ಕಾಣದ ನಮ್ಮ ಬಯಲಿನ ಒಂದು ಹಳ್ಳಿಯ ಹೆಸರು ಹೀಗೆ ದೇಶದ ಕಾನೂನು ವಿದ್ಯಾರ್ಥಿಗಳ ಬಾಯಲ್ಲಿ ನೆಲೆಯಾಯಿತು. ವಾಕ್ ಸ್ವಾತಂತ್ರ್ಯ ಮತ್ತು ಧರ್ಮದ ಪಾಠ ಬಂದಾಗಲೆಲ್ಲ ಅವರು ಬರಗೂರು ಪ್ರಕರಣವನ್ನು ಓದುತ್ತಾರೆ.

ಅರ್ಜಿದಾರರ ವಾದ ಸರಳವಾಗಿತ್ತು. ಕಾದಂಬರಿಯನ್ನು ಇಡಿಯಾಗಿ ಓದಿ, ಒಂದು ಅಧ್ಯಾಯವನ್ನು ಕಿತ್ತು ನೋಡಬೇಡಿ, ಲೇಖಕರು ಬಸವಣ್ಣನ ಶತ್ರುವಲ್ಲ, ಇದು ಕಲ್ಪನೆ. 2007ರ ಮೇ 2ರಂದು ನ್ಯಾಯಮೂರ್ತಿಗಳಾದ ಬಿ.ಪಿ. ಸಿಂಗ್ ಮತ್ತು ಹರ್ಜಿತ್ ಸಿಂಗ್ ಬೇಡಿ ಅವರ ಪೀಠ ತೀರ್ಪು ಕೊಟ್ಟಿತು. ಸಂವಿಧಾನದ 19ನೇ ವಿಧಿ ಕೊಡುವ ಸ್ವಾತಂತ್ರ್ಯ ಮಿತಿಯಿಲ್ಲದ್ದಲ್ಲ. ಇಷ್ಟು ಭಾಷೆ, ಧರ್ಮ, ಸಂಸ್ಕೃತಿಗಳಿರುವ ದೇಶದಲ್ಲಿ ಪರರ ನಂಬಿಕೆಯ ಮೇಲೆ ಅನಗತ್ಯವಾಗಿ, ದುರುದ್ದೇಶದಿಂದ ಎರಗುವುದನ್ನು ಒಪ್ಪಲಾಗದು ಎಂಬುದು ಅದರ ಧಾಟಿ. ಮುಟ್ಟುಗೋಲು ಉಳಿಯಿತು. ಅಧಿಸೂಚನೆಯಿಂದ ಅಂತಿಮ ತೀರ್ಪಿಗೆ ಹತ್ತು ವರ್ಷ.

ತೀರ್ಪಿನ ಬಗ್ಗೆ ಕಾನೂನು ಬಲ್ಲವರಲ್ಲಿ ಎರಡು ಅಭಿಪ್ರಾಯಗಳಿವೆ. ಕಾದಂಬರಿಯ ಒಟ್ಟಾರೆ ಪರಿಣಾಮವನ್ನು ಬಿಟ್ಟು ಒಂದು ಅಧ್ಯಾಯಕ್ಕೆ ತೂಕ ಕೊಟ್ಟರು, ದುರುದ್ದೇಶದ ಷರತ್ತನ್ನು ಸಡಿಲ ಮಾಡಿದರು ಎಂಬುದು ಟೀಕೆ. ಶಾಂತಿ ಕಾಪಾಡುವ ಹೊಣೆ ಹೊತ್ತ ಸರ್ಕಾರಕ್ಕೆ ಮುಂಜಾಗ್ರತೆಯ ಅಧಿಕಾರ ಬೇಕೇ ಬೇಕು ಎಂಬುದು ಸಮರ್ಥನೆ. ನನ್ನನ್ನು ಕಾಡುವುದು ಈ ಎರಡರಲ್ಲೂ ಚರ್ಚೆಯಾಗದ ಸಂಗತಿ. ಶಿವಸ್ವರೂಪಿ ಎಂದು ಶರಣರು ಎದೆಗಪ್ಪಿಕೊಂಡ ಡೋಹರ ಕಕ್ಕಯ್ಯ ಒಬ್ಬ ಮಹಾಜ್ಞಾನಿಯ ತಂದೆ ಎಂದರೆ ಅವಮಾನ ಯಾರಿಗೆ? ಮದುವೆಯ ಹೊರಗಿನ ಸಂಬಂಧ ಎಂಬ ಚಿತ್ರಣಕ್ಕೆ ನೊಂದವರ ಮಾತು ನನಗೆ ಅರ್ಥವಾಗುತ್ತದೆ. ಆದರೆ 1989ರಿಂದ ಎದ್ದ ಕೂಗಿನಲ್ಲಿ ಕಕ್ಕಯ್ಯನ ಕುಲವೇ ಕಳಂಕವೆಂಬ ಧ್ವನಿಯೂ ಸೇರಿತ್ತು. ಹರಳಯ್ಯ, ಮಧುವರಸರು ಪ್ರಾಣ ಕೊಟ್ಟದ್ದು ಯಾವ ಭಾವನೆಯ ವಿರುದ್ಧವೋ ಅದೇ ಭಾವನೆ ಎಂಟು ಶತಮಾನಗಳ ನಂತರ ಧಾರ್ಮಿಕ ಭಾವನೆ ಎಂಬ ಹೆಸರಿನಲ್ಲಿ ಕಾನೂನಿನ ರಕ್ಷಣೆ ಪಡೆಯಿತು. ಡೋಹರ ಸಮುದಾಯದ ಭಾವನೆಗೆ ಇದರಿಂದ ಏನಾಯಿತು ಎಂದು ಯಾವ ಅಧಿಸೂಚನೆಯೂ ಕೇಳಲಿಲ್ಲ. ಭಾವನೆಗೆ ನೋವಾಯಿತೆಂದು ಹೇಳಿದಾಗ ಸರ್ಕಾರಕ್ಕೆ ಕೇಳಿಸುವುದು ಸಂಖ್ಯೆಯೂ ಸಂಘಟನೆಯೂ ಇರುವವರ ನೋವು.

ತೀರ್ಪು ಬಂದ ಅದೇ 2007ರಲ್ಲಿ ಬಂಜಗೆರೆ ಜಯಪ್ರಕಾಶರ ‘ಆನು ದೇವಾ ಹೊರಗಣವನು’ ಬಂತು. ಬಸವಣ್ಣನ ಮೂಲವನ್ನೇ ಅಸ್ಪೃಶ್ಯ ಸಮುದಾಯದಲ್ಲಿ ಹುಡುಕಿದ ಪುಸ್ತಕ ಅದು. ಅದರ ವಾದವನ್ನು ಆಕರಗಳ ಮೇಲೆ ಪ್ರಶ್ನಿಸಲು ವಿದ್ವಾಂಸರಿಗೆ ಬೇಕಾದಷ್ಟು ಎಡೆಯಿತ್ತು. ಪ್ರತಿಭಟನೆಗಳು ಜೋರಾಗಿ, ಲೇಖಕರೇ ಪುಸ್ತಕವನ್ನು ಹಿಂದಕ್ಕೆ ಪಡೆದರು. ಈ ಬಾರಿ ಮುಟ್ಟುಗೋಲಿನ ಅಗತ್ಯವೂ ಬೀಳಲಿಲ್ಲ.

ನಿಷೇಧದ ಬಾಣ ಭಕ್ತರ ಕಡೆಗೂ ತಿರುಗಿತು. ಕೂಡಲಸಂಗಮದ ಮಾತೆ ಮಹಾದೇವಿ ‘ಬಸವ ವಚನ ದೀಪ್ತಿ’ಯಲ್ಲಿ ಬಸವಣ್ಣನ ಅಂಕಿತವಾದ ಕೂಡಲಸಂಗಮದೇವ ಇದ್ದ ಕಡೆ ಲಿಂಗದೇವ ಎಂದು ಹಾಕಿದರು. ಅವರು ಬಸವಣ್ಣನನ್ನೇ ಉಸಿರಾಗಿಸಿಕೊಂಡ ಜಗದ್ಗುರು. ತಮ್ಮ ನಂಬಿಕೆಯ ಒಳಗಿನ ಪ್ರೇರಣೆಯಿಂದಲೇ ಹಾಗೆ ಮಾಡಿದ್ದರು. ಆದರೆ ವಚನದ ಅಂಕಿತ ಬದಲಿಸಿದರೆ ಅದು ಬಸವಣ್ಣನ ವಚನವಾಗಿ ಉಳಿಯದು ಎಂದು ಉಳಿದ ಬಸವಭಕ್ತರು ಸಿಡಿದೆದ್ದರು. 1998ರಲ್ಲಿ ಅದೇ 95ನೇ ಕಲಮಿನಡಿ ಆ ಪುಸ್ತಕವೂ ಮುಟ್ಟುಗೋಲಾಯಿತು. 2017ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅದನ್ನೂ ಎತ್ತಿಹಿಡಿಯಿತು. ಅಂಕಿತ ತಿದ್ದುವುದು ತಪ್ಪೆಂದು ನಾನೂ ಬಲವಾಗಿ ನಂಬುತ್ತೇನೆ. ಹಳಕಟ್ಟಿಯವರು, ಬಸವನಾಳರು ಸಂಪಾದಿಸಿದ ಶುದ್ಧ ಪಾಠಗಳು ಗ್ರಂಥಾಲಯಗಳಲ್ಲಿ ಇರುವಾಗ ಆ ತಪ್ಪನ್ನು ತೋರಿಸಲು ಪೊಲೀಸರು ಬೇಕಿರಲಿಲ್ಲ.

ಕಲಬುರ್ಗಿ ಈ ನಡುವೆ ಸುಮ್ಮನೆ ಕೂರಲಿಲ್ಲ. ಹಂಪಿ ಕನ್ನಡ ವಿಶ್ವವಿದ್ಯಾಲಯದ ಕುಲಪತಿಯಾದರು, ವಚನ ಸಂಪುಟಗಳ ಸಂಪಾದನೆ ನಡೆಸಿದರು, ‘ಮಾರ್ಗ’ದ ನಾಲ್ಕನೆಯ ಸಂಪುಟಕ್ಕೆ 2006ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ಲಿಂಗಾಯತ ಸ್ವತಂತ್ರ ಧರ್ಮವೆಂದು ಪ್ರತಿಪಾದಿಸಿದ ವಿದ್ವಾಂಸರಲ್ಲಿ ಅವರು ಮುಂದಿನವರಾದರು. 2014ರಲ್ಲಿ ಬೆಂಗಳೂರಿನ ಸಭೆಯೊಂದರಲ್ಲಿ ಮೂರ್ತಿಪೂಜೆಯ ಬಗ್ಗೆ ಮಾತನಾಡುತ್ತ ಯು.ಆರ್. ಅನಂತಮೂರ್ತಿಯವರ ಬಾಲ್ಯದ ಪ್ರಸಂಗವೊಂದನ್ನು ಉಲ್ಲೇಖಿಸಿದಾಗ ಮತ್ತೆ ಪ್ರತಿಭಟನೆ, ಮತ್ತೆ ದೂರು, ಮತ್ತೆ ಕಾವಲು. ಆ ಕಾವಲು ತೆಗೆದ ಮೇಲೆ, 2015ರ ಆಗಸ್ಟ್ 30ರ ಬೆಳಿಗ್ಗೆ, ಧಾರವಾಡದ ಕಲ್ಯಾಣನಗರದ ಮನೆಯ ಬಾಗಿಲಲ್ಲಿ ಅವರನ್ನು ಗುಂಡಿಟ್ಟು ಕೊಂದರು.

1989ರಲ್ಲಿ ಅವರನ್ನು ಬಗ್ಗಿಸಿದವರೂ 2015ರಲ್ಲಿ ಕೊಂದವರೂ ಒಂದೇ ಎಂದು ಹೇಳುವುದು ಅನ್ಯಾಯವಾಗುತ್ತದೆ. 2017ರ ಸೆಪ್ಟೆಂಬರಿನಲ್ಲಿ ನಡೆದ ಗೌರಿ ಲಂಕೇಶರ ಹತ್ಯೆಯ ಜೊತೆ ಈ ಕೊಲೆಯನ್ನು ಜೋಡಿಸಿದ ವಿಶೇಷ ತನಿಖಾ ತಂಡ, ಬೇರೆಯೇ ಒಂದು ಉಗ್ರ ಗುಂಪಿನ ಮೇಲೆ ಆರೋಪಪಟ್ಟಿ ಸಲ್ಲಿಸಿತು. ಕಲಬುರ್ಗಿಯವರ ಸಾವಿಗೆ ಹಲವು ಮಠಾಧೀಶರು, ಬಸವ ಸಂಘಟನೆಗಳು ಬೀದಿಗಿಳಿದು ಶೋಕಿಸಿದವು. ಆದರೆ ಒಂದು ಸಂಗತಿ ಉಳಿಯುತ್ತದೆ: ನುಡಿಗೆ ನುಡಿಯಿಂದ ಉತ್ತರ ಕೊಡುವುದು ಬೇಕಿಲ್ಲ, ಒತ್ತಡ ಹಾಕಿದರೆ ಸಾಕು ಎಂಬ ಪಾಠವನ್ನು ನಾಡು 1989ರಿಂದ 2007ರವರೆಗೆ ಮತ್ತೆ ಮತ್ತೆ ಕಂಡಿತ್ತು. 2013ರಲ್ಲಿ ಗಣಪತಿಯ ಮೂಲ ಕುರಿತ ‘ಢುಂಢಿ’ ಕಾದಂಬರಿಗಾಗಿ ಯೋಗೇಶ್ ಮಾಸ್ಟರ್ ಬಂಧನಕ್ಕೊಳಗಾದರು.

2024ರ ಜುಲೈ 1ರಿಂದ ಹಳೆಯ ಸಂಹಿತೆಗಳು ಹೋಗಿ ಹೊಸವು ಬಂದಿವೆ. 295ಎ ಈಗ ಭಾರತೀಯ ನ್ಯಾಯ ಸಂಹಿತೆಯ 299. ಮುಟ್ಟುಗೋಲಿನ 95, ನಾಗರಿಕ ಸುರಕ್ಷಾ ಸಂಹಿತೆಯ 98. ಅಂಕಿ ಬದಲಾದರೂ ಅಧಿಕಾರ ಹಾಗೆಯೇ ಇದೆ. ಕಲಬುರ್ಗಿ ‘ಮಾರ್ಗ’ದಲ್ಲಿ ಎತ್ತಿದ ವಾದವನ್ನು ಶಾಸನ, ಪುರಾಣ, ವಚನಗಳ ಆಧಾರದ ಮೇಲೆ ಪೂರ್ತಿಯಾಗಿ ಪರೀಕ್ಷಿಸಿ, ಅದು ಸರಿಯೆಂದೋ ತಪ್ಪೆಂದೋ ನಿರ್ಭಯವಾಗಿ ಬರೆಯುವ ಕೆಲಸ ಕನ್ನಡದ ವಿದ್ವಾಂಸರ ಮುಂದೆ ಬಾಕಿ ಬಿದ್ದಿದೆ.